ಗಾಲಿಯ ಮೇಲೊಂದು ಕೋಣೆ

ಮೆಣಸಿನಕಾಯಿಯ ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಮಾರುಕಟ್ಟೆಯ ಸುತ್ತ ರಾತ್ರಿಯ ಹೊತ್ತು ಒಮ್ಮೆ ನಡೆದು ಬಂದವರಿಗೆ ಆ ನೋಟ ಮರೆಯುವಂತಹುದಲ್ಲ. ಲಾರಿಗಳೂ ಟ್ರ್ಯಾಕ್ಟರುಗಳೂ ಸಣ್ಣ ವ್ಯಾನುಗಳೂ ಸಾಲುಗಟ್ಟಿ ನಿಂತಿರುತ್ತವೆ. ಚೀಲಗಳ ಮೇಲೆ, ಚಾಲಕನ ಆಸನದಲ್ಲಿ, ಟ್ರೇಲರಿನ ಅಡಿಯಲ್ಲಿ, ಎಲ್ಲಿ ಜಾಗ ದೊರೆತರೆ ಅಲ್ಲಿ ಜನ ಕೌದಿ ಹೊದ್ದು ಮಲಗಿರುತ್ತಾರೆ. ವರ್ಷದ ದುಡಿಮೆಯ ಫಲವನ್ನು ಬೀದಿಯಲ್ಲಿ ಬಿಟ್ಟು ಮನೆಗೆ ಹೋಗಿ ಮಲಗುವ ರೈತ ಯಾರು?

ಅಂತಹ ಒಂದು ರಾತ್ರಿಯನ್ನು ನಾನು ನನ್ನ ಸೋದರಮಾವನೊಡನೆ ಅವರ ಹಳೆಯ ಮಾರುತಿ ಓಮ್ನಿ ವ್ಯಾನಿನಲ್ಲಿ ಕಳೆದೆನು. ಸೊಳ್ಳೆಗಳಿಗೆ ಅಂಜಿ ಗಾಜುಗಳನ್ನೆಲ್ಲ ಏರಿಸಿ, ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಮಲಗಿದೆವು. ನಸುಕಿನಲ್ಲಿ ಎದ್ದಾಗ ಇಬ್ಬರಿಗೂ ತಲೆ ಭಾರವಾಗಿತ್ತು. ಗಾಜಿನ ಒಳಮೈ ಬೆವೆತಿತ್ತು. ಛಾವಣಿಯ ತಗಡಿನಿಂದ ಹನಿಗಳು ತೊಟ್ಟಿಕ್ಕಿ ಕೌದಿ ಒದ್ದೆಯಾಗಿತ್ತು. ಮಾವ ಕೌದಿಯನ್ನು ಹಿಂಡುತ್ತ ನನ್ನ ಕಡೆ ನೋಡಿ, “ಏನಪಾ ಮಾಸ್ತರ, ಕಿಡಕಿ ಮುಚ್ಚಿದ್ರ ಉಸಿರ ಕಟ್ಟತೈತಿ, ತಗದ್ರ ಸೊಳ್ಳಿ ಕಡಿತಾವು. ದಿನಾ ಹುಡುಗರಿಗೆ ಹೇಳ್ತೀಯಲ್ಲ, ನಿನ್ನ ಫಿಜಿಕ್ಸಿನ್ಯಾಗ ಇದಕ್ಕೇನರ ಐತೇನು?” ಎಂದರು.

ಕಾಲೇಜಿನಲ್ಲಿ ಉಷ್ಣಶಾಸ್ತ್ರವನ್ನು ಬೋಧಿಸುವವನಿಗೆ ಇದು ನಾಚಿಕೆ ತರುವ ಪ್ರಶ್ನೆ. ಏಕೆಂದರೆ ಉತ್ತರವೆಲ್ಲ ಪಠ್ಯಪುಸ್ತಕದಲ್ಲಿಯೇ ಇದೆ. ಅದನ್ನು ವ್ಯಾನಿನೊಳಕ್ಕೆ ತಂದಿರಲಿಲ್ಲ, ಅಷ್ಟೆ. ಮುಂದಿನ ರಜೆಯಲ್ಲಿ ರಾಣೆಬೆನ್ನೂರಿನ ನಮ್ಮ ಮನೆಯ ಅಂಗಳದಲ್ಲಿ ಆ ವ್ಯಾನನ್ನು ನಿಲ್ಲಿಸಿಕೊಂಡು, ಇಬ್ಬರು ಸುಖವಾಗಿಯೂ ಅಪಾಯವಿಲ್ಲದೆಯೂ ರಾತ್ರಿ ಕಳೆಯುವಂತೆ ಅದನ್ನು ಸಜ್ಜುಗೊಳಿಸಿದೆವು. ಆ ಕೆಲಸದ ಹಿಂದಿನ ಲೆಕ್ಕವನ್ನು ಇಲ್ಲಿ ವಿವರಿಸುತ್ತೇನೆ.

ಹಳೆಯ ಬಂಡಿ, ಹೊಸ ಬಂಡಿ

ವಾಹನದಲ್ಲಿ ವಾಸಮಾಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ದೇವರಗುಡ್ಡಕ್ಕೂ ಭರತ ಹುಣ್ಣಿಮೆಯ ಮೈಲಾರದ ಜಾತ್ರೆಗೂ ಕಮಾನು ಕಟ್ಟಿದ ಸವಾರಿ ಬಂಡಿಗಳಲ್ಲಿ ಹೋಗಿ, ಅಲ್ಲಿಯೇ ಅಡಿಗೆ ಮಾಡಿ, ಅಲ್ಲಿಯೇ ಮಲಗಿ ಬಂದವರು ನಮ್ಮ ಹಿರಿಯರು. ಬಂಡಿಯ ತಳದಲ್ಲಿ ದಪ್ಪನಾಗಿ ಹುಲ್ಲು, ಅದರ ಮೇಲೆ ಜಮಖಾನೆ, ತಲೆಯ ಮೇಲೆ ಬಿದಿರ ತಟ್ಟಿಯ ಕಮಾನು, ಹಿಂದೆ ಮುಂದೆ ತೆರಪು. ಹುಲ್ಲು ಕುಲುಕಾಟವನ್ನೂ ಚಳಿಯನ್ನೂ ತಡೆಯುತ್ತಿತ್ತು. ತಟ್ಟಿ ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತಿತ್ತು. ವಿಜ್ಞಾನದ ಹೆಸರೆತ್ತದೆ ಅವರು ಮಾಡಿಕೊಂಡಿದ್ದ ಈ ಏರ್ಪಾಡುಗಳೆಲ್ಲ ಉಕ್ಕಿನ ತಗಡಿನ ವ್ಯಾನು ಬಂದೊಡನೆ ತಪ್ಪಿಹೋದವು. ತಗಡು ಮಳೆಯನ್ನು ತಡೆಯಿತು, ಕಳ್ಳನನ್ನು ತಡೆಯಿತು. ಆದರೆ ಶಾಖವನ್ನು ತಡೆಯಲಿಲ್ಲ, ಉಸಿರನ್ನು ಮಾತ್ರ ತಡೆಯಿತು.

ಪಶ್ಚಿಮ ಜರ್ಮನಿಯಲ್ಲಿ 1950ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯ ಪೆಟ್ಟಿಗೆಯಾಕಾರದ ವ್ಯಾನು ಹೊರಬಂದಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯವರು ಆ ವ್ಯಾನಿನೊಳಗೆ ಇರಿಸಿ ತೆಗೆಯಬಹುದಾದ ಮಂಚ ಕಪಾಟುಗಳ ಒಂದು ಜೋಡಣೆಯನ್ನು ಸಿದ್ಧಪಡಿಸಿದರು. ವಾರದ ದಿನಗಳಲ್ಲಿ ಸಾಮಾನು ಸಾಗಿಸುವ ವಾಹನ, ರಜೆಯಲ್ಲಿ ಸಂಸಾರದ ಬಿಡಾರ. ಈ ಉಪಾಯ ಲೋಕಪ್ರಿಯವಾಯಿತು. ನಮ್ಮ ಓಮ್ನಿಯಾದರೋ ಜಪಾನಿನ ಸುಜುಕಿ ಕ್ಯಾರಿ ಎಂಬ ವ್ಯಾನಿನ ಸಂತತಿ. 1984ರಲ್ಲಿ ಭಾರತದ ರಸ್ತೆಗಿಳಿದು 2019ರವರೆಗೆ ತಯಾರಾಗುತ್ತಿತ್ತು. ಉದ್ದ 3.37 ಮೀಟರು, ಅಗಲ 1.41 ಮೀಟರು, ಎಂಜಿನಿನ ಗಾತ್ರ 796 ಘನ ಸೆಂಟಿಮೀಟರು. ಎಂಜಿನು ಮುಂದಿನ ಆಸನಗಳ ಅಡಿಯಲ್ಲಿರುವುದರಿಂದ ಹಿಂದಿನ ನೆಲವೆಲ್ಲ ಬಳಕೆಗೆ ಉಳಿಯುತ್ತದೆ. ಮಾವನ ವ್ಯಾನು ಸಾಮಾನು ಸಾಗಿಸುವ ಬಗೆಯದು. ಆದುದರಿಂದ ಹಿಂದೆ ಆಸನಗಳೂ ಇಲ್ಲ.

ಉಸಿರಿಗೆಷ್ಟು ಗಾಳಿ?

ಮೊದಲು ತಲೆಭಾರದ ವಿಷಯ. ನಿದ್ರಿಸುತ್ತಿರುವ ಒಬ್ಬ ಮನುಷ್ಯನು ಗಂಟೆಗೆ ಸುಮಾರು 15 ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಇಬ್ಬರಿಂದ 30 ಲೀಟರು. ವ್ಯಾನಿನ ಒಳಗಿನ ಅವಕಾಶವನ್ನು ಲೆಕ್ಕದ ಅನುಕೂಲಕ್ಕಾಗಿ 3 ಘನ ಮೀಟರು, ಎಂದರೆ 3,000 ಲೀಟರು ಎಂದಿಟ್ಟುಕೊಳ್ಳೋಣ. ಗಾಳಿ ಎಲ್ಲಿಯೂ ಸೋರದಿದ್ದರೆ ಈ ಅನಿಲವು ಗಂಟೆಗೆ ಶೇಕಡಾ 1ರಂತೆ ಏರಬೇಕು. ಹೊರಗಿನ ಶುದ್ಧ ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 0.042ರಷ್ಟು ಮಾತ್ರ. ಶೇಕಡಾ 3ಕ್ಕೆ ಏರಿದರೆ ಏದುಸಿರು, ತಲೆನೋವು ನಿಶ್ಚಿತ. ಬಾಗಿಲುಗಳ ಸಂದುಗಳಲ್ಲಿ ಗಾಳಿ ನುಸುಳುವುದರಿಂದ ನಮ್ಮ ವ್ಯಾನಿನಲ್ಲಿ ಅದು ಅಷ್ಟಕ್ಕೆ ಏರಿರಲಾರದು. ಆದರೂ ಮುಚ್ಚಿದ ವ್ಯಾನಿನ ಗಾಳಿ ಎಷ್ಟು ಬೇಗ ಕೆಡುವುದೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಎಷ್ಟು ಗಾಳಿ ಬೇಕು? ಒಳಗಿನ ಪ್ರಮಾಣವು ಶೇಕಡಾ 0.1ನ್ನು ಮೀರಬಾರದೆಂದು ಗೊತ್ತುಮಾಡಿಕೊಳ್ಳೋಣ. ಒಳಗೆ ಬರುವ ಪ್ರತಿಯೊಂದು ಲೀಟರು ಗಾಳಿಯೂ ಹೊರಹೋಗುವಾಗ ಶೇಕಡಾ 0.058ರಷ್ಟು ಹೆಚ್ಚಿನ ಇಂಗಾಲದ ಡೈಆಕ್ಸೈಡನ್ನು ಒಯ್ಯಬಲ್ಲುದು. 30 ಲೀಟರನ್ನು 0.00058ರಿಂದ ಭಾಗಿಸಿದರೆ ಗಂಟೆಗೆ ಸುಮಾರು 52,000 ಲೀಟರು, ಎಂದರೆ ಸೆಕೆಂಡಿಗೆ 14 ಲೀಟರು ಗಾಳಿ ಬೇಕಾಗುತ್ತದೆ. ಗಾಳಿಯು ಸೆಕೆಂಡಿಗೆ 20 ಸೆಂಟಿಮೀಟರಿನಂತೆ ಮೆಲ್ಲನೆ ಹರಿಯುವುದಾದರೆ ಬೇಕಾದ ತೆರಪು 700 ಚದರ ಸೆಂಟಿಮೀಟರು. ಮುಂದಿನ ಎರಡು ಕಿಟಕಿಗಳ ಗಾಜನ್ನು ನಾಲ್ಕು ಬೆರಳಗಲ ಇಳಿಸಿದರೆ ಇಷ್ಟು ತೆರಪು ದೊರೆಯುತ್ತದೆ.

ಆದರೆ ಒಂದು ತೆರಪು ಸಾಲದು. ಬರಲು ಒಂದು ದಾರಿಯಾದರೆ ಹೋಗಲು ಇನ್ನೊಂದು ಬೇಕು. ಬಿಸಿಗಾಳಿ ಮೇಲಕ್ಕೇರುತ್ತದೆಯಷ್ಟೆ, ಕೆಳಗೊಂದು ಮೇಲೊಂದು ತೂತಿದ್ದರೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಳಗಿನ ಗಾಳಿ ಹೊರಗಿನದಕ್ಕಿಂತ 5 ಡಿಗ್ರಿ ಬೆಚ್ಚಗಿದ್ದು, ತೂತುಗಳ ನಡುವೆ 1 ಮೀಟರು ಎತ್ತರವಿದ್ದರೆ ದೊರೆಯುವ ಒತ್ತಡದ ಅಂತರ ಸುಮಾರು 0.2 ಪಾಸ್ಕಲ್. ಸೆಕೆಂಡಿಗೆ 2 ಮೀಟರು ವೇಗದ ಮಂದಮಾರುತದ ಒತ್ತಡವಾದರೋ 2.4 ಪಾಸ್ಕಲ್, ಅದರ ಹನ್ನೆರಡು ಪಟ್ಟು. ಎತ್ತರದ ಮನೆಯಲ್ಲಿ ಬೆಳಕಿಂಡಿ ಮಾಡುವ ಕೆಲಸವನ್ನು ಗಿಡ್ಡ ವ್ಯಾನಿನಲ್ಲಿ ಬೀಸುವ ಗಾಳಿಯೇ ಮಾಡಬೇಕು.

ಓಮ್ನಿಯ ಹಿಂಬಾಗಿಲು ಮೇಲಕ್ಕೆ ಏಳುತ್ತದೆ. ಅದನ್ನು ಸ್ವಲ್ಪವೇ ತೆರೆದು, ಮರದ ತುಂಡೊಂದನ್ನು ಆನಿಸಿ, ಹೊರಗಿನಿಂದ ಯಾರೂ ಎತ್ತಲಾಗದಂತೆ ಒಳಗಿನಿಂದ ಸರಪಳಿಯ ಕೊಂಡಿ ಹಾಕಿದೆವು. ಈಗ ವ್ಯಾನಿನ ಬೆನ್ನನ್ನು ಗಾಳಿ ಬೀಸುವ ದಿಕ್ಕಿಗೆ ಮಾಡಿ ನಿಲ್ಲಿಸಿದರೆ, ಹಿಂದಿನ ಸಂದಿನಿಂದ ಗಾಳಿ ಒಳನುಗ್ಗಿ ಮುಂದಿನ ಕಿಟಕಿಗಳಿಂದ ಹೊರಬೀಳುತ್ತದೆ. ಊದಿನಕಡ್ಡಿಯ ಹೊಗೆಯನ್ನು ಹಿಡಿದು ನೋಡಿದರೆ ಗಾಳಿಯ ದಾರಿ ಕಣ್ಣಿಗೇ ಕಾಣಿಸುತ್ತದೆ. ಎರಡು ಕಡೆಯೂ ಸೊಳ್ಳೆಪರದೆಯ ಬಟ್ಟೆಯನ್ನು ಕಾಂತದ ಪಟ್ಟಿಗಳಿಂದ ತಗಡಿಗೆ ಅಂಟಿಸಿದೆವು. ಪರದೆಯು ಗಾಳಿಯನ್ನು ತಡೆಯುವುದರಿಂದ ತೆರಪನ್ನು ಲೆಕ್ಕಕ್ಕಿಂತ ಒಂದೂವರೆ ಪಟ್ಟು ದೊಡ್ಡದು ಮಾಡಬೇಕು. ಗಾಳಿ ಸತ್ತ ರಾತ್ರಿಗೆಂದು, ಗಣಕಯಂತ್ರಗಳಲ್ಲಿ ಇರುವಂತಹ 12 ವೋಲ್ಟಿನ ಸಣ್ಣ ಪಂಖವೊಂದನ್ನು ಹಿಂದಿನ ಸಂದಿನಲ್ಲಿ ನಿಲ್ಲಿಸಿದೆವು. ಅದು ಬೇಡುವ ಶಕ್ತಿ ಸುಮಾರು 3 ವಾಟು ಮಾತ್ರ.

ಬೆವರುವ ಛಾವಣಿ

ಕೌದಿ ಒದ್ದೆಯಾದುದು ಹೇಗೆ? ಮಳೆ ಬಂದಿರಲಿಲ್ಲ. ಆ ನೀರು ನಮ್ಮದೇ. ಉಸಿರಿನಿಂದಲೂ ಚರ್ಮದಿಂದಲೂ ಒಬ್ಬನು ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಆವಿಯ ರೂಪದಲ್ಲಿ ಬಿಡುತ್ತಾನೆ. ಇಬ್ಬರಿಂದ ಎಂಟು ಗಂಟೆಗಳಲ್ಲಿ 640 ಗ್ರಾಂ, ಎಂದರೆ ಅರ್ಧ ಲೀಟರಿಗೂ ಮಿಕ್ಕಿತು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ 17.3 ಗ್ರಾಂ ಆವಿಯನ್ನು ಧರಿಸಬಲ್ಲುದು. ವ್ಯಾನಿನ ಗಾಳಿಯೆಲ್ಲ ಸೇರಿದರೂ 52 ಗ್ರಾಂ. ಹೀಗಾಗಿ ಮುಚ್ಚಿದ ವ್ಯಾನಿನಲ್ಲಿ ಒಂದು ಗಂಟೆ ಕಳೆಯುವುದರೊಳಗಾಗಿ ಗಾಳಿಯು ಆವಿಯಿಂದ ತುಂಬಿಹೋಗುತ್ತದೆ. ಮಿಕ್ಕ ಆವಿ ಎಲ್ಲಿ ತಂಪು ಸಿಕ್ಕುವುದೋ ಅಲ್ಲಿ ನೀರಾಗುತ್ತದೆ.

ಆ ತಂಪಾದ ಸ್ಥಳವೇ ಛಾವಣಿ. ನಿರ್ಮಲವಾದ ರಾತ್ರಿಯಲ್ಲಿ ಅದು ಆಕಾಶದ ಕಡೆಗೆ ಶಾಖವನ್ನು ವಿಕಿರಣಮಾಡಿ, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಇದೇ ಕಾರಣದಿಂದ. ಬಯಲಿನಲ್ಲಿ ನಿಂತ ವ್ಯಾನಿಗಿಂತ ಮರದಡಿಯಲ್ಲಿ ನಿಂತ ವ್ಯಾನು ಕಡಮೆ ಬೆವರುವುದನ್ನು ನೀವೇ ಪರೀಕ್ಷಿಸಬಹುದು. ಮರದ ಎಲೆಗಳು ಛಾವಣಿಗೂ ಆಕಾಶಕ್ಕೂ ನಡುವೆ ಹೊದಿಕೆಯಂತೆ ನಿಲ್ಲುತ್ತವೆ.

ಇದಕ್ಕೆ ಮದ್ದು ಎರಡು. ಒಂದನ್ನು ಈಗಾಗಲೇ ಕೊಟ್ಟಾಗಿದೆ. ಗಂಟೆಗೆ 52 ಘನ ಮೀಟರು ಗಾಳಿ ಹರಿದರೆ, ನಾವು ಬಿಡುವ 80 ಗ್ರಾಂ ಆವಿ ಅಷ್ಟರಲ್ಲಿ ಹಂಚಿಹೋಗಿ ಘನ ಮೀಟರಿಗೆ ಒಂದೂವರೆ ಗ್ರಾಂ ಮಾತ್ರ ಹೆಚ್ಚಾಗುತ್ತದೆ. ಎರಡನೆಯದು, ಆವಿಗೆ ತಣ್ಣನೆಯ ತಗಡೇ ಸಿಕ್ಕದಂತೆ ಒಳಮೈಗೆ ಉಷ್ಣನಿರೋಧಕದ ಹೊದಿಕೆ ಹಾಕುವುದು. ಮಾವ ಗೋಣಿತಟ್ಟನ್ನು ಹೊಡೆಯೋಣವೆಂದರು. ಒಣಗಿದ ಗೋಣಿ ಒಳ್ಳೆಯ ನಿರೋಧಕವೇ ಸರಿ. ಆದರೆ ಅದು ಆವಿಯನ್ನು ಒಳಕ್ಕೆ ಬಿಡುತ್ತದೆ. ಆವಿ ಗೋಣಿಯ ಹಿಂದೆ ತಗಡಿನ ಮೇಲೆ ನೀರಾಗಿ, ತಗಡು ತುಕ್ಕು ಹಿಡಿಯುತ್ತದೆ, ಗೋಣಿಗೆ ಬೂಷ್ಟು ಬರುತ್ತದೆ. ಆದುದರಿಂದ ನೀರನ್ನೂ ಆವಿಯನ್ನೂ ಹೀರದ, ಮುಚ್ಚಿದ ಗುಳ್ಳೆಗಳುಳ್ಳ ಫೋಮಿನ ಹಾಳೆಯನ್ನೇ ತಗಡಿಗೆ ಸಂದಿಲ್ಲದಂತೆ ಅಂಟಿಸಬೇಕು. ಥರ್ಮೊಕೋಲ್ ಅಗ್ಗವಾದರೂ ಬೇಡ. ಬೆಂಕಿ ತಗುಲಿದರೆ ಅದು ಕರಗಿ ಉರಿದು ಕೆಟ್ಟ ಹೊಗೆಯನ್ನು ಉಗುಳುತ್ತದೆ. ಫೋಮನ್ನು ಕೊಳ್ಳುವಾಗಲೂ ಬೆಂಕಿ ಹಬ್ಬಿಸದ ಬಗೆಯದನ್ನು ಕೇಳಿ ಕೊಳ್ಳಬೇಕು.

ಬಿಸಿಲಿನ ಲೆಕ್ಕ

ರಾತ್ರಿ ಚಳಿಯಾದರೆ ಹಗಲು ಬಿಸಿಲು. ನಡುಹಗಲಿನ ಸೂರ್ಯನು ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವಾಟು ಶಕ್ತಿಯನ್ನು ಸುರಿಯುತ್ತಾನೆ. ಛಾವಣಿಯನ್ನು 3 ಚದರ ಮೀಟರೆಂದರೆ ಒಟ್ಟು 3,000 ವಾಟು. ಬಿಳಿಯ ಬಣ್ಣ ಅದರಲ್ಲಿ ಕಾಲು ಭಾಗದಷ್ಟನ್ನು ಹೀರಿದರೆ ಕಪ್ಪು ಬಣ್ಣ ಹತ್ತರಲ್ಲಿ ಒಂಬತ್ತು ಪಾಲನ್ನು ಹೀರುತ್ತದೆ: ಒಂದರಲ್ಲಿ 750 ವಾಟು, ಇನ್ನೊಂದರಲ್ಲಿ 2,700. ಆದುದರಿಂದ ಛಾವಣಿಗೆ ಬಿಳಿಯ ಬಣ್ಣವೇ ಮೊದಲನೆಯ ಮತ್ತು ಅತ್ಯಂತ ಅಗ್ಗದ ಸುಧಾರಣೆ. ವ್ಯಾನಿನ ಒಟ್ಟು ಬಣ್ಣವೇ ಬದಲಾಗುವಂತಿದ್ದರೆ ಮಾತ್ರ ನೋಂದಣಿ ಪತ್ರದಲ್ಲಿಯೂ ಅದನ್ನು ತಿದ್ದಿಸಬೇಕು.

ಛಾವಣಿಯ ತಗಡು 60 ಡಿಗ್ರಿಗೆ ಕಾದಿದೆ, ಒಳಗೆ 35 ಡಿಗ್ರಿ ಇದೆ ಎನ್ನೋಣ. ಬರಿಯ ತಗಡಿನಿಂದ ಒಳಕ್ಕೆ ಇಳಿಯುವ ಶಾಖ ಸುಮಾರು 450 ವಾಟು. ಸುಮ್ಮನೆ ಕುಳಿತ ಐವರು ಮನುಷ್ಯರ ಮೈಶಾಖಕ್ಕೆ ಇದು ಸಮಾನ. 25 ಮಿಲಿಮೀಟರು ದಪ್ಪದ ಫೋಮನ್ನು ಅಂಟಿಸಿದರೆ ಅದೇ ಶಾಖವು ಸುಮಾರು 85 ವಾಟಿಗೆ, ಎಂದರೆ ಒಬ್ಬನ ಮೈಶಾಖದಷ್ಟಕ್ಕೆ ಇಳಿಯುತ್ತದೆ. ಇಲ್ಲಿ ಕೆಲಸ ಮಾಡುವುದು ಫೋಮಿನ ವಸ್ತುವಲ್ಲ, ಅದರ ಗುಳ್ಳೆಗಳಲ್ಲಿ ಅಲುಗಾಡದೆ ಸಿಕ್ಕಿಕೊಂಡಿರುವ ಗಾಳಿ. ಬಂಡಿಯ ತಳದ ಹುಲ್ಲಿನ ಗುಟ್ಟೂ ಇದೇ.

ಹೊಳೆಯುವ ಅಲ್ಯುಮಿನಿಯಂ ಹಾಳೆಯನ್ನು ತಗಡಿಗೆ ನೇರವಾಗಿ ಅಂಟಿಸಿ, ಏನೂ ಫಲವಾಗಲಿಲ್ಲವೆಂದು ಕೆಲವರು ದೂರುವುದುಂಟು. ಹಾಳೆಯು ತಡೆಯುವುದು ವಿಕಿರಣವನ್ನು. ಎರಡೂ ಮಗ್ಗುಲು ಬೇರೆ ವಸ್ತುವಿಗೆ ತಾಗಿದ್ದರೆ ಶಾಖ ಉಷ್ಣವಹನದಿಂದಲೇ ದಾಟಿಹೋಗುತ್ತದೆ. ಹೊಳೆಯುವ ಮುಖದ ಮುಂದೆ ಎರಡು ಬೆರಳಷ್ಟಾದರೂ ಗಾಳಿಯ ತೆರಪಿದ್ದರೆ ಮಾತ್ರ ಅದು ಸಾರ್ಥಕ.

ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ ಬಿಸಿಲನ್ನು ತಗಡಿಗೆ ತಾಗಗೊಡದಿರುವುದು. ವ್ಯಾನು ನಿಂತಾಗ ಛಾವಣಿಯ ಮೇಲೆ ಗೇಣಿನಷ್ಟು ಎತ್ತರದಲ್ಲಿ ಬಿಳಿಯ ದಪ್ಪ ಬಟ್ಟೆಯೊಂದನ್ನು ಬಿಗಿದೆವು. ಬಟ್ಟೆ ಕಾಯುತ್ತದೆ. ಆದರೆ ಆ ಶಾಖವನ್ನು ನಡುವೆ ಬೀಸುವ ಗಾಳಿ ಒಯ್ಯುತ್ತದೆ. ಹೀಗೆ ನೋಡಿದರೆ ನಾವು ಮಾಡಿದ್ದು ಹಳೆಯ ಬಂಡಿಯ ಕಮಾನನ್ನು ಮರಳಿ ಕಟ್ಟಿದ್ದಷ್ಟೆ. ಗಾಜುಗಳಿಗೂ ಇದೇ ನ್ಯಾಯ. ಬೆಳಕು ಗಾಜನ್ನು ದಾಟಿ ಒಳಗೆ ಬಂದು ಶಾಖವಾಗುತ್ತದೆ. ಆ ಶಾಖದ ದೀರ್ಘ ತರಂಗಗಳು ಗಾಜನ್ನು ಹಿಂದಕ್ಕೆ ದಾಟಲಾರವು. ಆದುದರಿಂದ ನೆರಳಿನ ಪರದೆ ಗಾಜಿನ ಹೊರಗಿರುವುದು ಉತ್ತಮ.

ಹಾಸಿಗೆಯ ಹಲಗೆ

ಮುಂದಿನ ಆಸನದ ಬೆನ್ನಿನಿಂದ ಹಿಂಬಾಗಿಲಿನವರೆಗೆ ಟೇಪಿನಿಂದ ಅಳೆದುಕೊಂಡು, ಹಾವೇರಿಯ ಬಡಗಿಯೊಬ್ಬರಿಂದ ಪ್ಲೈವುಡ್ಡಿನ ಮೂರು ಹಲಗೆಗಳನ್ನು ಕೊಯ್ಯಿಸಿದೆವು. ದಪ್ಪ 12 ಮಿಲಿಮೀಟರು ಸಾಕೆ, 18 ಬೇಕೆ ಎಂಬ ಚರ್ಚೆ ಬಂದಿತು. ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪವನ್ನು ಒಂದೂವರೆ ಪಟ್ಟು ಮಾಡಿದರೆ ಬಿಗುವು ಸುಮಾರು 3.4 ಪಟ್ಟಾಗುತ್ತದೆ. ಆದರೆ ನಡುವೆ ಭಾರ ಬಿದ್ದಾಗ ಹಲಗೆ ಬಾಗುವ ಪ್ರಮಾಣವು ಆಧಾರಗಳ ನಡುವಣ ದೂರದ ಘನಕ್ಕೆ ಅನುಗುಣ. ನಡುವೆ ಒಂದು ಆಧಾರವನ್ನು ಹೆಚ್ಚಿಗೆ ಕೊಟ್ಟು ಆ ದೂರವನ್ನು ಅರ್ಧಮಾಡಿದರೆ ಬಾಗು ಎಂಟರಲ್ಲೊಂದು ಪಾಲಾಗುತ್ತದೆ. 180 ಸೆಂಟಿಮೀಟರು ಉದ್ದ, 110 ಸೆಂಟಿಮೀಟರು ಅಗಲದ ಹಾಸಿಗೆಗೆ 12 ಮಿಲಿಮೀಟರಿನ ಹಲಗೆ ತೂಗುವುದು ಸುಮಾರು 14 ಕಿಲೋಗ್ರಾಂ. 18 ಮಿಲಿಮೀಟರಿನದು 21. ತೆಳು ಹಲಗೆ, ಹೆಚ್ಚು ಕಾಲು: ಇದೇ ಜಾಣತನ. ಕಾಲುಗಳ ನಡುವೆ ನೀರಿನ ಕ್ಯಾನು, ಪಾತ್ರೆಗಳ ಪೆಟ್ಟಿಗೆ ಕೂರುತ್ತವೆ. ಹಗಲು ಹಲಗೆಗಳನ್ನು ಪಕ್ಕಕ್ಕೆ ಒರಗಿಸಿ ಕಟ್ಟಿದರೆ ಚೀಲಗಳಿಗೆ ಜಾಗ ತೆರವಾಗುತ್ತದೆ.

ಮೆಣಸಿನಕಾಯಿಯ ವ್ಯಾನಿಗೆ ಒಂದು ವಿಶೇಷ ಎಚ್ಚರಿಕೆಯುಂಟು. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿಯ ಕಾಯಿ ಬಣ್ಣದಲ್ಲಿ ಹೆಚ್ಚು, ಖಾರದಲ್ಲಿ ಕಡಮೆ ಎಂದು ಹೆಸರಾದುದು. ಆದರೂ ಅದರ ಧೂಳು ಕಣ್ಣು ಮೂಗುಗಳನ್ನು ಬಿಡುವುದಿಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಬರಿಯ ನೀರು ಸುರಿದರೆ ಅದು ಹರಡೀತೇ ಹೊರತು ಹೋಗದು. ಧೂಳನ್ನು ಮೊದಲು ಗುಡಿಸಿ, ಅನಂತರ ಸಾಬೂನಿನ ನೀರಿನಿಂದ ತೊಳೆಯಬೇಕು.

ದೀಪ ಮತ್ತು ಪಂಖ

ಎಂಜಿನನ್ನು ಚಾಲೂ ಮಾಡುವ ಬ್ಯಾಟರಿಯಿಂದಲೇ ರಾತ್ರಿಯೆಲ್ಲ ದೀಪ ಉರಿಸಿದರೆ ಬೆಳಿಗ್ಗೆ ವ್ಯಾನನ್ನು ತಳ್ಳಬೇಕಾದೀತು. ಆದುದರಿಂದ ಎರಡನೆಯ ಬ್ಯಾಟರಿಯೊಂದು ಬೇಕು. ಅದರ ಗಾತ್ರವನ್ನು ಊಹೆಯಿಂದಲ್ಲ, ಲೆಕ್ಕದಿಂದ ಗೊತ್ತುಮಾಡಬೇಕು. 5 ವಾಟಿನ ಎಲ್.ಇ.ಡಿ. ದೀಪ ನಾಲ್ಕು ಗಂಟೆ ಉರಿದರೆ 20 ವಾಟ್-ಗಂಟೆ. 3 ವಾಟಿನ ಪಂಖ ಒಂಬತ್ತು ಗಂಟೆ ತಿರುಗಿದರೆ 27. ಎರಡು ಮೊಬೈಲುಗಳಿಗೆ 30. ಒಟ್ಟು 77. ನಷ್ಟಗಳನ್ನೂ ಸೇರಿಸಿ 100 ಎನ್ನೋಣ. 12 ವೋಲ್ಟಿನ, 26 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿರುವುದು 312 ವಾಟ್-ಗಂಟೆ. ಅದು ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದು. ಉಳಿದ 156 ನಮ್ಮ ರಾತ್ರಿಗೆ ಧಾರಾಳ. 50 ವಾಟಿನ ಸೌರಫಲಕವು ಐದು ಗಂಟೆಗಳ ಒಳ್ಳೆಯ ಬಿಸಿಲಿನಲ್ಲಿ, ಹತ್ತರಲ್ಲಿ ಏಳು ಪಾಲು ಕೈಗೆ ಸಿಕ್ಕರೂ, 175 ವಾಟ್-ಗಂಟೆ ಕೊಡುತ್ತದೆ.

ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಎಂಜಿನು ಓಡುವಾಗ ಎರಡನೆಯ ಬ್ಯಾಟರಿಗೆ 10 ಆಂಪಿಯರ್ ಪ್ರವಾಹವನ್ನು ಒಯ್ಯಲು, ಹೋಗಿಬರುವ ದಾರಿ ಸೇರಿ 6 ಮೀಟರು ತಾಮ್ರದ ತಂತಿ ಬೇಕೆನ್ನಿ. 1 ಚದರ ಮಿಲಿಮೀಟರಿನ ತಂತಿಯ ರೋಧ ಸುಮಾರು 0.1 ಓಮ್. ದಾರಿಯಲ್ಲಿಯೇ 1 ವೋಲ್ಟು ನಷ್ಟವಾಗಿ ಬ್ಯಾಟರಿ ಎಂದಿಗೂ ಪೂರ್ಣ ತುಂಬದು. 4 ಚದರ ಮಿಲಿಮೀಟರಿನದಾದರೆ ನಷ್ಟ ಕಾಲು ವೋಲ್ಟು. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ಹೋದರೆ ಯಾರೂ ಗಮನಿಸುವುದಿಲ್ಲ. 12 ವೋಲ್ಟಿನಲ್ಲಿ ಅದು ದೊಡ್ಡ ಸುಂಕ. ಎಂಜಿನು ನಿಂತಾಗ ಎರಡು ಬ್ಯಾಟರಿಗಳು ತಾವಾಗಿಯೇ ಬೇರ್ಪಡುವಂತೆ ನಡುವೆ ರಿಲೇಯೊಂದನ್ನು ಇಡಬೇಕು.

ಫ್ಯೂಸಿನ ಸ್ಥಾನವನ್ನೂ ಹೇಳಬೇಕು. 12 ವೋಲ್ಟು ಮುಟ್ಟಿದರೆ ಆಘಾತವಿಲ್ಲವೆಂದು ಅಲಕ್ಷ್ಯ ಬೇಡ. ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗೆ ಕಾಯುತ್ತದೆ. ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು. ಆದುದರಿಂದ ಅದನ್ನು ಬ್ಯಾಟರಿಯ ಧನಧ್ರುವದ ಮಗ್ಗುಲಲ್ಲಿಯೇ ಹಾಕಬೇಕು. ಎರಡನೆಯ ಬ್ಯಾಟರಿಗೆ ಹೋಗುವ ತಂತಿಗೆ ಎರಡು ತುದಿಗಳಲ್ಲಿಯೂ ಬ್ಯಾಟರಿಗಳಿರುವುದರಿಂದ ಎರಡು ತುದಿಗಳಲ್ಲಿಯೂ ಫ್ಯೂಸು ಬೇಕು.

ಕಾಣದ ವಿಷ

ಮೇಲೆ ಹೇಳಿದುದೆಲ್ಲ ಸುಖದ ಮಾತು. ಇನ್ನು ಹೇಳುವುದು ಜೀವದ ಮಾತು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿಯಲ್ಲಿ ನಿಂತಿದ್ದ ಕ್ಯಾರವಾನೊಂದರಲ್ಲಿ ಇಬ್ಬರು ಸತ್ತಿರುವುದು ಕಂಡುಬಂದಿತು. ವಾಹನದ ಜನರೇಟರಿನಿಂದ ಹೊರಟ ಇಂಗಾಲದ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಿಂದ ತಿಳಿಯಿತು. ಅವರಿಗೆ ಎಚ್ಚರಿಕೆ ಕೊಡಲು ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಂಧನಕ್ಕೆ ಸಾಕಷ್ಟು ಆಮ್ಲಜನಕ ದೊರೆಯದೆ ಅರೆಬರೆಯಾಗಿ ಉರಿದಾಗ ಈ ಅನಿಲ ಹುಟ್ಟುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಅಲ್ಪವೇ ಇದ್ದರೂ ರಕ್ತದಲ್ಲಿ ಕೂಡುತ್ತ ಹೋಗಿ, ಮಲಗಿದವನು ಮಲಗಿದಲ್ಲಿಯೇ ಉಳಿಯುತ್ತಾನೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಉಸಿರು ಮೇಲಕ್ಕೆಳೆದು ಎಚ್ಚರವಾಗುವುದುಂಟು. ಇದರಲ್ಲಿ ಆ ಕರುಣೆಯೂ ಇಲ್ಲ.

ಆದುದರಿಂದ ಈ ನಿಯಮಗಳಿಗೆ ವಿನಾಯಿತಿಯಿಲ್ಲ: ಎಂಜಿನು ಅಥವಾ ಜನರೇಟರು ಓಡುತ್ತಿರುವಾಗ ಒಳಗೆ ಮಲಗಬಾರದು. ಚಳಿಯೆಂದು ಕೆಂಡದ ಶೆಗಡಿಯನ್ನು ಒಳಗೆ ತರಬಾರದು. ಒಲೆ ಒಳಗೆ ಉರಿಯಬಾರದು. ಪಕ್ಕದಲ್ಲಿ ಎಂಜಿನು ಓಡಿಸುತ್ತ ನಿಂತ ಲಾರಿಯಿದ್ದರೆ ಬೇರೆ ಸ್ಥಳ ಹುಡುಕಬೇಕು. ಹಳೆಯ ವ್ಯಾನಿನ ನೆಲದಲ್ಲಿ ತುಕ್ಕಿನಿಂದಾದ ತೂತುಗಳನ್ನು ಮುಚ್ಚಿಸಿ, ಹೊಗೆಕೊಳವೆಯನ್ನು ಮೆಕಾನಿಕ್ಕಿಗೆ ತೋರಿಸಬೇಕು. ಈ ಅನಿಲವನ್ನು ಗುರುತಿಸಿ ಕೂಗಿಕೊಳ್ಳುವ ಸಣ್ಣ ಯಂತ್ರಗಳು ಬಂದಿವೆ; ಹಾಸಿಗೆಯ ಬಳಿ ಒಂದಿರಲಿ. ಆದರೆ ಅದು ನಿಯಮಗಳಿಗೆ ಬದಲಿಯಲ್ಲ.

ಅಡಿಗೆಯ ಅನಿಲವೂ ಬೇರೊಂದು ಬಗೆಯಲ್ಲಿ ಅಪಾಯಕರ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ನೆಲದಲ್ಲಿ ನಿಲ್ಲುತ್ತದೆ. ಕೇವಲ 100 ಗ್ರಾಂ ಸೋರಿದರೆ ಸುಮಾರು 45 ಲೀಟರು ಅನಿಲವಾಗುತ್ತದೆ. ವ್ಯಾನಿನ ಕೆಳಗಿನ ಅರ್ಧದಲ್ಲಿ ಅದು ಶೇಕಡಾ 3ರಷ್ಟಾಯಿತು. ಶೇಕಡಾ 2ರ ಸುಮಾರಿಗೇ ಅದು ಕಿಡಿ ತಾಗಿದರೆ ಸಿಡಿಯುವ ಮಿಶ್ರಣ. ಅಡಿಗೆಯನ್ನು ಹಿಂಬಾಗಿಲಿನ ಆಚೆ, ಬಯಲಿನಲ್ಲಿಯೇ ಮಾಡಬೇಕು.

ಭಾರದ ಸ್ಥಾನ

ಛಾವಣಿಯ ಮೇಲೆ ಕ್ಯಾರಿಯರು ಹಾಕಿ ಎಲ್ಲವನ್ನೂ ಅಲ್ಲಿಗೇರಿಸುವ ಆಸೆ ಸಹಜ. 800 ಕಿಲೋಗ್ರಾಂ ತೂಕದ ವ್ಯಾನಿನ ಗುರುತ್ವಕೇಂದ್ರವು ನೆಲದಿಂದ 60 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಭಾವಿಸಿ, 180 ಸೆಂಟಿಮೀಟರು ಎತ್ತರದಲ್ಲಿ 40 ಕಿಲೋಗ್ರಾಂ ಇಟ್ಟರೆ ಅದು ಸುಮಾರು 66 ಸೆಂಟಿಮೀಟರಿಗೆ ಏರುತ್ತದೆ. ತಿರುವಿನಲ್ಲಿ ಮಗುಚದೆ ನಿಲ್ಲುವ ಶಕ್ತಿ ನೂರಕ್ಕೆ ಒಂಬತ್ತು ಪಾಲು ಕುಗ್ಗುತ್ತದೆ. ಅದೇ 40 ಕಿಲೋಗ್ರಾಂ ನೆಲದ ಮೇಲಿದ್ದರೆ ವ್ಯಾನು ಇನ್ನಷ್ಟು ಸ್ಥಿರ.

ಕೆಳಗಿಟ್ಟುದನ್ನೂ ಕಟ್ಟಿರಬೇಕು. ಗಂಟೆಗೆ 50 ಕಿಲೋಮೀಟರು ವೇಗದ ವ್ಯಾನು ಡಿಕ್ಕಿಯಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, 20 ಲೀಟರಿನ ನೀರಿನ ಕ್ಯಾನು 280 ಕಿಲೋಗ್ರಾಂ ಭಾರದ ಬಲದಿಂದ ಮುಂದಿನವರ ಬೆನ್ನಿಗೆ ಒತ್ತುತ್ತದೆ. ವ್ಯಾನು ಓಡುವಾಗ ಹಾಸಿಗೆಯ ಮೇಲೆ ಮಕ್ಕಳನ್ನು ಮಲಗಿಸಬಾರದೆಂಬುದಕ್ಕೂ ಇದೇ ಲೆಕ್ಕ ಸಾಕು.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳು ತಯಾರಕರು ಗೊತ್ತುಮಾಡಿದವುಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಆಸನಗಳನ್ನು ಕಿತ್ತು ಮಂಚವನ್ನು ಬೆಸೆಯುವುದು, ಛಾವಣಿಯನ್ನು ಕತ್ತರಿಸಿ ಎತ್ತರಿಸುವುದು ಇಂಥವೆಲ್ಲ ಮನೆಯಲ್ಲಿ ಮಾಡುವ ಕೆಲಸಗಳಲ್ಲ. ನಾವು ಮಾಡಿದ ಹಲಗೆ, ಪರದೆ, ಬಟ್ಟೆಗಳು ಎಲ್ಲವೂ ಕಾಲು ಗಂಟೆಯಲ್ಲಿ ಬಿಚ್ಚಿ ಕೆಳಗಿಡಬಹುದಾದವು.

ಎರಡನೆಯ ರಾತ್ರಿ

ಮರುವರ್ಷದ ಸುಗ್ಗಿಯಲ್ಲಿ ಮತ್ತೆ ಬ್ಯಾಡಗಿಗೆ ಹೋದೆವು. ವ್ಯಾನಿನ ಬೆನ್ನನ್ನು ಗಾಳಿಗೆ ಮಾಡಿ, ಬೇವಿನ ಮರದಡಿಯಲ್ಲಿ ನಿಲ್ಲಿಸಿ, ಪರದೆಗಳನ್ನು ಅಂಟಿಸಿ ಮಲಗಿದೆವು. ಬೆಳಿಗ್ಗೆ ಗಾಜಿನ ಅಂಚಿನಲ್ಲಿ ಮಾತ್ರ ತುಸು ಮಂಜು. ಕೌದಿ ಬೆಚ್ಚಗೆ ಒಣಗಿತ್ತು. ಮಾವ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಪಕ್ಕದ ವಾಹನದಲ್ಲಿ ಗಾಜುಗಳನ್ನೆಲ್ಲ ಏರಿಸಿ ಮಲಗಿದ್ದ ಹುಡುಗನೊಬ್ಬನ ಕಿಟಕಿಯನ್ನು ತಟ್ಟಿ ಎಬ್ಬಿಸಿ, “ತಮ್ಮಾ, ನಾಕ ಬಳ್ಳ ಗಾಜ ಇಳಿಸ್ಕೊ. ಇಲ್ಲಿ ಬಾ, ಯಾಕ ಅಂತ ನಮ್ಮ ಮಾಸ್ತರ ಹೇಳ್ತಾನ” ಎಂದರು.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೇ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ವಾಹನದಲ್ಲಿ ರಾತ್ರಿ ಕಳೆಯುವವರು ಇದ್ದೇ ಇರುತ್ತಾರೆ. ಒಂದು ಉಷ್ಣಮಾಪಕ, ಒಂದು ಟೇಪು, ಒಂದು ಊದಿನಕಡ್ಡಿ ಹಿಡಿದು ಆ ವಾಹನದ ಬಳಿಗೆ ಹೋಗಿರಿ. ಛಾವಣಿಯ ಉಷ್ಣತೆಯನ್ನು ಅಳೆಯಿರಿ, ತೆರಪುಗಳನ್ನು ಅಳೆಯಿರಿ, ಗಾಳಿಯ ದಾರಿಯನ್ನು ನೋಡಿರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರವು ದುಡಿದು ದಣಿದವನೊಬ್ಬನ ನಿದ್ದೆಯನ್ನೂ, ಒಮ್ಮೊಮ್ಮೆ ಅವನ ಪ್ರಾಣವನ್ನೂ ಕಾಯಬಲ್ಲುದೆಂಬುದು ಆಗ ನಿಮಗೇ ಮನವರಿಕೆಯಾದೀತು.